ಸಿನರ್ಜಿಸ್ಟಿಸ್ ಜೋನ್ಸಿ

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ, ಆಮ್ಲಜನಕದ ಸೋಂಕಿಲ್ಲದೆ ಬದುಕುವ ಬ್ಯಾಕ್ಟೀರಿಯ. ಸುಬಾಬುಲ್ ಸೊಪ್ಪಿನ ವಿಷವನ್ನು ಮುರಿಯುವ ಶಕ್ತಿಯಿಂದ ಹೆಸರಾಗಿದೆ.

ಹಸು, ಎಮ್ಮೆ, ಕುರಿ, ಮೇಕೆಗಳ ದೇಹ ಹುಲ್ಲಿನ ನಾರನ್ನು ತಾನಾಗಿ ಅರಗಿಸಲಾರದು. ಆ ಕೆಲಸ ರೂಮೆನ್ ಎಂಬ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳದು. ಅವು ನಾರನ್ನು ಹುಳಿಸಿದಾಗ ಹುಟ್ಟುವ ಆಮ್ಲಗಳಿಂದಲೇ ರಾಸಿಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಸಿಗುತ್ತದೆ. ಮುಂದಿನ ಹೊಟ್ಟೆಗೆ ಹರಿದುಹೋದ ಸೂಕ್ಷ್ಮಜೀವಿಗಳೇ ಜೀರ್ಣವಾಗಿ ಪ್ರೋಟೀನು ಒದಗಿಸುತ್ತವೆ. ಯಾವ ಮೇವು ರಾಸಿಗೆ ದಕ್ಕುತ್ತದೆ ಎಂಬುದನ್ನು ಈ ಒಳವಾಸಿಗಳೂ ತೀರ್ಮಾನಿಸುತ್ತವೆ. ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯಷ್ಟು ನಿಚ್ಚಳವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಸುಬಾಬುಲ್ ಕರ್ನಾಟಕದ ಹೊಲದ ಬದುಗಳಲ್ಲೂ ಪರಿಚಿತ. ಪ್ರೋಟೀನು ತುಂಬಿದ ಅದರ ಎಲೆಯಲ್ಲಿ ಮಿಮೋಸಿನ್ ಎಂಬ ಅಮೈನೊ ಆಮ್ಲವೂ ಇದೆ. ರೂಮೆನ್‌ನಲ್ಲಿ ಅದು ಡಿಎಚ್‌ಪಿ ಎಂಬ ವಸ್ತುವಾಗಿ ಬದಲಾಗಿ ಥೈರಾಯ್ಡ್ ಗ್ರಂಥಿಗೆ ಅಡ್ಡಿಪಡಿಸುತ್ತದೆ. ಸೊಪ್ಪನ್ನೇ ಹೆಚ್ಚಾಗಿ ತಿಂದ ರಾಸುಗಳ ಕೂದಲು ಉದುರುತ್ತದೆ, ಗಂಟಲ ಗ್ರಂಥಿ ಊದಿಕೊಳ್ಳುತ್ತದೆ, ಮೈ ಹಿಡಿಯುವುದಿಲ್ಲ.

ಆಸ್ಟ್ರೇಲಿಯದಲ್ಲಿ ಮೇಕೆಗಳನ್ನೂ ಹೀಗೆ ನರಳಿಸುತ್ತಿದ್ದ ಸೊಪ್ಪನ್ನು ಹವಾಯಿ ದ್ವೀಪದ ಮೇಕೆಗಳು ಹೊಟ್ಟೆತುಂಬ ತಿಂದೂ ಆರೋಗ್ಯವಾಗಿದ್ದವು. ಗಿಡ ಒಂದೇ, ಪ್ರಾಣಿಯ ಜಾತಿಯೂ ಒಂದೇ. ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್ ವ್ಯತ್ಯಾಸವನ್ನು ರೂಮೆನ್‌ನಲ್ಲಿ ಹುಡುಕಿದರು. 1980ರ ದಶಕದ ಆರಂಭದಲ್ಲಿ ಅವರೂ ಸಂಗಡಿಗರೂ ಹವಾಯಿ ಮೇಕೆಗಳ ರೂಮೆನ್ ದ್ರವವನ್ನು ತಮ್ಮ ನಾಡಿನ ಪ್ರಾಣಿಗಳ ಹೊಟ್ಟೆಗೆ ಹಾಕಿದಾಗ ಡಿಎಚ್‌ಪಿ ಒಡೆಯುವ ಶಕ್ತಿ ಅವಕ್ಕೂ ಬಂತು. ಆ ಗುಣ ಮಂದೆಯಲ್ಲಿ ಒಂದರಿಂದ ಒಂದಕ್ಕೆ ಹರಡಿತು ಕೂಡ. ಪಶುಪೋಷಣೆಯ ಚರಿತ್ರೆಯಲ್ಲಿ ಇಷ್ಟು ಸರಳವಾದ, ಇಷ್ಟು ಸುಂದರವಾದ ಪ್ರಯೋಗಗಳು ವಿರಳ. ಡಿಎಚ್‌ಪಿ ಒಡೆಯುವ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದ ವಿಜ್ಞಾನಿ ಮಿಲ್ಟನ್ ಆಲಿಸನ್ ಮತ್ತು ಸಹೋದ್ಯೋಗಿಗಳು 1992ರಲ್ಲಿ ಅದಕ್ಕೆ ಜೋನ್ಸ್ ಅವರ ಹೆಸರನ್ನೇ ಇಟ್ಟರು.

ಈ ಜೀವಿ ಸಕ್ಕರೆ ಪಿಷ್ಟಗಳನ್ನು ಮುಟ್ಟುವುದಿಲ್ಲ. ಆರ್ಜಿನೈನ್, ಹಿಸ್ಟಿಡಿನ್‌ನಂಥ ಅಮೈನೊ ಆಮ್ಲಗಳನ್ನೂ ಡಿಎಚ್‌ಪಿಯನ್ನೂ ತಿಂದು ಬದುಕುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನಲ್ಲಿ ಇದನ್ನು ಬೆಳೆಸಿ, ದ್ರವರೂಪದಲ್ಲಿ ರಾಸುಗಳಿಗೆ ಕುಡಿಸುವ ಪದ್ಧತಿ ಬಂತು. ಆದರೆ ಹೀಗೆ ಕುಡಿಸಿದ ಎಲ್ಲ ಮಂದೆಗಳಲ್ಲೂ ವಿಷ ಪೂರ್ತಿ ಒಡೆಯುವುದಿಲ್ಲ. ಯಕೃತ್ತೂ ಡಿಎಚ್‌ಪಿಯನ್ನು ಬೇರೆ ವಸ್ತುಗಳೊಡನೆ ಬೆಸೆದು ಅದರ ಕಾಟ ತಗ್ಗಿಸಿ ಮೂತ್ರದಲ್ಲಿ ಹೊರಹಾಕುತ್ತದೆಂದು ನಂತರದ ಅಧ್ಯಯನಗಳು ತೋರಿಸಿವೆ. ಸೊಪ್ಪು ಹೊಸದಾಗಿ ಕೊಡುವವರು ಒಟ್ಟು ಮೇವಿನ ಮೂರನೇ ಒಂದು ಪಾಲಿನೊಳಗೆ ಇಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ರೂಢಿಸುವುದು ವಾಡಿಕೆ.