ಜಗಲಿ ಕೋಣೆಯಾದ ಕಥೆ

ನಿಟ್ಟೂರಿನಿಂದ ಕೊಲ್ಲೂರಿನ ಕಡೆಗೆ ಹೋಗುವಾಗ ರಸ್ತೆ ಬದಿಯ ಹಳೇ ಮನೆಗಳನ್ನು ಒಮ್ಮೆ ಗಮನಿಸಿ. ಹಿಂದೆ ಹಂಚಿನ ಮಾಡು, ಮುಂದೆ ಸಿಮೆಂಟಿನ ತಾರಸಿ. ಜಗಲಿ ಇದ್ದ ಜಾಗದಲ್ಲಿ ಗೋಡೆ, ಗೋಡೆಗೆ ಗ್ರಿಲ್ ಹಾಕಿದ ಕಿಟಕಿ. ನಮ್ಮ ಸೀಮೆಯ ಅರ್ಧ ಇತಿಹಾಸ ಆ ಗೋಡೆಯ ಹಿಂದೆ ಇದೆ.

ಕಳೆದ ಬೇಸಿಗೆಯಲ್ಲಿ ನಾವು ಹೋಗಿದ್ದ ಒಂದು ಮನೆಯಲ್ಲಿ ಇದೇ ಮಾತು ನಡೆದಿತ್ತು. ಅಡಕೆ ಒಣಗಿಸಲೆಂದು ಜಗಲಿಗೆ ಹೊಂದಿಕೊಂಡಂತೆ ಅಂಗಳಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ ಪಾರದರ್ಶಕ ಶೀಟು ಹೊದಿಸಿದ್ದರು. ಬಿಸಿಲಲ್ಲಿ ಒಳಗೆ ನಿಲ್ಲಲಾಗದಷ್ಟು ಸೆಕೆ, ಮಳೆ ಬಂದರೆ ಪಕ್ಕದವರ ಮಾತೂ ಕೇಳದಷ್ಟು ಸದ್ದು. ಅದನ್ನು ಕಿತ್ತು, ಜಗಲಿಯನ್ನೂ ಸೇರಿಸಿಕೊಂಡು ಎರಡು ಕೋಣೆ ಕಟ್ಟಬೇಕು ಅಂತ ಮೊಮ್ಮಗನ ಯೋಚನೆ.

"ಜಗಲಿ ಮುಚ್ಚಿದ್ರೆ ಬಂದೋರು ಎಲ್ಲಿ ಕೂರ್ಬೇಕು?" ಅಂದರು ಅಜ್ಜಿ.

"ಬಂದೋರಿಗೆ ಯಾವಾಗ್ಲೂ ಜಾಗ ಇತ್ತು ಅತ್ತೆ. ಬಾಗಿಲು ಹಾಕ್ಕೊಂಡು ಮಲಗಕ್ಕೆ ನಂಗೆ ಒಂದು ಕೋಣೆ ಇರ್ಲಿಲ್ಲ" ಅಂದರು ಸೊಸೆ.

ಇಬ್ಬರ ಮಾತೂ ಸರಿ. ಯಾಕೆ ಸರಿ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಮಲೆನಾಡಿನ ಮನೆಗೆ ಜಗಲಿ ಬಂದದ್ದು ಚಂದಕ್ಕಲ್ಲ. ತಿಂಗಳುಗಟ್ಟಲೆ ಹೊಡೆಯುವ ಮಳೆಯಲ್ಲಿ ಮಣ್ಣಿನ ಗೋಡೆ ನೆನೆಯಬಾರದು. ಅದಕ್ಕೆ ಮಾಡನ್ನು ಗೋಡೆಯಿಂದ ಮುಂದಕ್ಕೆ ಇಳಿಸಿ, ಕೆಳಗೆ ಎತ್ತರಿಸಿ ಕಟ್ಟಿದ್ದೇ ಜಗಲಿ. ಎರಚಲು ಜೋರಾದಾಗ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅಂದರೆ ಜಗಲಿ ವರ್ಷದಲ್ಲಿ ಕೆಲವು ತಿಂಗಳು ಕೋಣೆ, ಉಳಿದ ತಿಂಗಳು ಬಯಲು.

ಮಾಡಿಗೆ ಮೊದಲು ಹುಲ್ಲು, ಸೋಗೆ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಕೆಂಪು ಹಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಮೊದಲು ಬಂದದ್ದು ಉಳ್ಳವರ ಮನೆಗೆ. ಗೇಣಿದಾರರು ಬಹಳ ಕಾಲ ಹುಲ್ಲಿನ ಮಾಡಿನ ಕೆಳಗೇ ಇದ್ದರು. ಹಂಚಿನ ನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ನಡುಮನೆಗೆ ಬೆಳಕು. ಅಷ್ಟೇ ನಮಗೆ ಗೊತ್ತಿದ್ದ ಗಾಜಿನ ಮನೆ.

ಜಗಲಿಯನ್ನು ನೆನೆದು ನಿಟ್ಟುಸಿರು ಬಿಡುವವರು ಇನ್ನೊಂದು ವಿಷಯವನ್ನು ಮರೆಯಬಾರದು. ಒಡೆಯರ ಜಗಲಿ ಎಲ್ಲರಿಗೂ ಕೂರುವ ಜಾಗವಾಗಿರಲಿಲ್ಲ. ಕೆಲವರಿಗೆ ಕವಳದ ಬಟ್ಟಲು ಬರುತ್ತಿತ್ತು. ಕೆಲವರು ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕಿತ್ತು. ಹೆಂಗಸರ ಜಾಗ ಬಾಗಿಲಿನ ಒಳಗೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಜಗಳ ಎದ್ದು, 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರವೇ ವಿಧಾನಸಭೆಗೆ ಕಳಿಸಿತು.

ಉಳುವವನಿಗೆ ಭೂಮಿ ಕೊಡುವ ಬಲವಾದ ಕಾನೂನು ಜಾರಿಯಾಗಲು 1974ರ ಮಾರ್ಚ್ ಬರಬೇಕಾಯಿತು. ದೇವರಾಜ ಅರಸರ ಕಾಲ ಅದು. ಅರ್ಜಿ ಹಾಕಿ, ಭೂನ್ಯಾಯಮಂಡಳಿಗೆ ಅಲೆದು, ಭೂಮಿ ಹೆಸರಿಗೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಸಲ ಹಂಚು ಬಂತು, ಸ್ವಂತದ ಜಗಲಿ ಬಂತು. ನಾವು ಹೋಗಿದ್ದ ಮನೆಯೂ ಅಂಥದ್ದೇ. ಅಜ್ಜಿಗೆ ಆ ಜಗಲಿ ಬಿಟ್ಟುಕೊಡಲು ಮನಸ್ಸಿಲ್ಲದ್ದು ಸುಮ್ಮನೆ ಹಟಕ್ಕಲ್ಲ. ಅವರ ಗಂಡ ಬೇರೆಯವರ ಅಂಗಳದಲ್ಲಿ ನಿಂತಿದ್ದವರು. ತಮ್ಮ ಜಗಲಿಯಲ್ಲಿ ಯಾರು ಬಂದರೂ ಕೂರಿಸಿ ಆಸರಿಗೆ ಕೊಟ್ಟವರು.

ನಡುವೆ ಇನ್ನೊಂದು ದೊಡ್ಡ ಪೆಟ್ಟು ಬಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿಗೆ ಹೋದವು. ನೀರಿಗೆ ಹೋದ ಮನೆಗಳ ಜೊತೆ ಅವುಗಳ ಜಗಲಿಗಳೂ ಹೋದವು. ಅದಕ್ಕೇ ನಮ್ಮ ಕಡೆ ಮನೆ ಬದಲಿಸುವುದು ಅಂದರೆ ಹಿರಿಯರಿಗೆ ಒಂದು ಅಳುಕು.

ಗಾಜಿನ ಕೋಣೆಯನ್ನು ಗಟ್ಟಿ ಕೋಣೆ ಮಾಡುವ ಚಿಂತೆ ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ತೆಗೆದರು. 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದೂ ಅದೇ ಮಾದರಿಯನ್ನು ನೋಡಿ. ಗಿಡಗಳಿಗೆಂದು ಹುಟ್ಟಿದ ಗಾಜಿನ ಮನೆಯನ್ನು ಅಲ್ಲಿನ ಜನ ಆಮೇಲೆ ತಮ್ಮ ಮನೆಗೇ ಅಂಟಿಸಿಕೊಂಡರು. ಬೇಸಿಗೆಯಲ್ಲಿ ಬೇಯುತ್ತದೆ, ಚಳಿಗಾಲದಲ್ಲಿ ಕೊರೆಯುತ್ತದೆ ಅಂತ ಈಗ ಗಾಜು ತೆಗೆದು ಗಟ್ಟಿ ಮಾಡು ಹಾಕಿಸುತ್ತಿದ್ದಾರೆ. ಅಲ್ಲೂ ಮೊದಲ ಪ್ರಶ್ನೆ ಒಂದೇ: ಕೆಳಗಿನ ತಳಪಾಯ ಆ ಭಾರ ಹೊರುತ್ತದೆಯೇ?

ನಮ್ಮಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಜಗಲಿಯ ಮರದ ಕಂಬ ಹೊತ್ತಿದ್ದು ಪಕಾಸಿ, ರೀಪು, ಹಂಚಿನ ಭಾರ ಮಾತ್ರ. ಅದರ ಅಡಿಯ ಕಲ್ಲಿನ ಮೇಲೇ ಇಟ್ಟಿಗೆ ಗೋಡೆ ಏರಿಸಿ ತಾರಸಿ ಹಾಕಿದರೆ ನೆಲ ಕುಸಿಯಬಹುದು. ಶೀಟು ಹೊತ್ತ ಕಬ್ಬಿಣದ ಕಂಬವೂ ಅಷ್ಟೇ. ಹೊಸ ಗೋಡೆಗೆ ಹೊಸ ತಳಪಾಯವೇ ಬೇಕು. ಹಳೇ ಮಣ್ಣಿನ ಗೋಡೆ ಮತ್ತು ಹೊಸ ಗೋಡೆ ಒಂದೇ ರೀತಿ ಕೂರುವುದಿಲ್ಲ, ಹಾಗಾಗಿ ಸೇರುವ ಕಡೆ ಬಿರುಕು ಬರುತ್ತದೆ. ಹಂಚಿನ ಮಾಡಿನ ನೀರು ತಾರಸಿಗೆ ಬಿದ್ದು ನಿಂತರೆ ಮೊದಲ ಮಳೆಗಾಲದಲ್ಲೇ ಸೋರಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ನಡುಮನೆಗೆ ಬೆಳಕು, ಗಾಳಿ ಬರುತ್ತಿದ್ದದ್ದು ಜಗಲಿ ಕಡೆಯಿಂದ. ಅದನ್ನು ಮುಚ್ಚಿದರೆ ಹಗಲಿನಲ್ಲೂ ದೀಪ ಹಾಕಬೇಕು, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಕಟ್ಟುವ ಮೊದಲು ಗ್ರಾಮ ಪಂಚಾಯಿತಿಯ ಅನುಮತಿ ಪಡೆಯುವುದನ್ನೂ ಮರೆಯಬೇಡಿ.

ಮಳೆಗಾಲದ ಮುಂಚೆ ನಾವು ಮತ್ತೆ ಆ ಮನೆಗೆ ಹೋದೆವು. ಶೀಟು ಇದ್ದ ಜಾಗದಲ್ಲಿ ಬೇರೆ ತಳಪಾಯ ಹಾಕಿ ಒಂದೇ ಕೋಣೆ ಕಟ್ಟಿದ್ದರು. ಒಳಗಿನಿಂದ ಚಿಲಕ ಇತ್ತು. ಅದರ ಹಿಂದೆ ಬಿದ್ದ ಅರ್ಧ ಜಗಲಿ ಕೋಣೆಗೆ ಸೇರಿತ್ತು, ಹೆಬ್ಬಾಗಿಲ ಕಡೆಯ ಅರ್ಧ ತೆರೆದೇ ಇತ್ತು. ಕತ್ತಲಾದ ನಡುಮನೆಯ ಮೇಲೆ ನಾಲ್ಕು ಗಾಜಿನ ಹಂಚು ಹೆಚ್ಚಿಗೆ ಕೂತಿದ್ದವು.

ಅಜ್ಜಿ ಉಳಿದ ಜಗಲಿಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದರು. "ಸಣ್ಣದಾತು, ಆದ್ರೂ ನಾಲ್ಕು ಜನ ಕೂರಬಹುದು, ಬನ್ನಿ" ಅಂದರು. ಸೊಸೆ ಆಸರಿಗೆ ತಂದುಕೊಟ್ಟು, ಈ ಸಲ ಒಳಗೆ ಹೋಗದೆ ನಮ್ಮ ಜೊತೆ ಅಲ್ಲೇ ಕೂತರು.