ಸಕ್ಕರೆಯ ರೋಗಿ, ರಕ್ತದ ವೈದ್ಯ

ವೈದ್ಯಶಾಸ್ತ್ರದ ಇತಿಹಾಸವನ್ನು ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಹೆಸರು ಅಮೆರಿಕದ ಬಾಸ್ಟನ್ ನಗರದ ಜಾರ್ಜ್ ಮೈನಟ್ ಅವರದು. ರಕ್ತಕಣಗಳ ವ್ಯಾಸಂಗಕ್ಕೆ ಬಾಳನ್ನೇ ಮುಡಿಪಾಗಿಟ್ಟಿದ್ದ ಈ ವೈದ್ಯರಿಗೆ ೧೯೨೧ರಲ್ಲಿ, ನಾಲ್ವತ್ತು ತುಂಬುವ ಮೊದಲೇ, ಸಿಹಿಮೂತ್ರ ರೋಗ ಕಾಣಿಸಿಕೊಂಡಿತು.

ಆಗ ಆ ರೋಗಕ್ಕೆ ಮದ್ದಿರಲಿಲ್ಲ. ಮೇದೋಜೀರಕ ಗ್ರಂಥಿಯ ಹಾರ್ಮೋನು ಕುಂದಿತೆಂದರೆ, ರಕ್ತದ ತುಂಬ ಸಕ್ಕರೆಯಿದ್ದರೂ ಅದು ದೇಹಕ್ಕೆ ದಕ್ಕದು; ಕಣಜ ತುಂಬಿದ್ದೂ ಮನೆಮಂದಿ ಉಪವಾಸ ಬಿದ್ದಂತೆ. ಅರೆಹೊಟ್ಟೆಯ ಪಥ್ಯ ಸಾವನ್ನು ಕೆಲಕಾಲ ಮುಂದೂಡುತ್ತಿತ್ತು, ಅಷ್ಟೆ. ಮೈನಟ್ ತುತ್ತು ತುತ್ತನ್ನೂ ತೂಗಿ ಉಣ್ಣುತ್ತ ಬಡಕಲಾದರು.

ಅದೇ ವರ್ಷದ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಆ ಗ್ರಂಥಿಯಿಂದ ಸಾರ ತೆಗೆಯಲು ಹೆಣಗುತ್ತಿದ್ದರು. ೧೯೨೨ರ ಜನವರಿ ೧೧ರಂದು ಲೆನರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಅಂಥ ಸಾರವನ್ನು ಚುಚ್ಚಿದರು; ಹೆಚ್ಚು ಫಲ ಕಾಣಲಿಲ್ಲ. ಕಾಲಿಪ್ ಶುದ್ಧಿಮಾಡಿದ ಸಾರವನ್ನು ೨೩ರಂದು ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಮರುವರ್ಷ ಮೈನಟ್ ಅವರಿಗೂ ಇನ್ಸುಲಿನ್ ದೊರೆಯಿತು.

ಹೀಗೆ ಉಳಿದ ಜೀವ ಮಾಡಿದ್ದೇನು? ಅಂದು ಮಾರಕ ರಕ್ತಹೀನತೆಯೆಂಬ ಇನ್ನೊಂದು ರೋಗವಿತ್ತು. ಕೆಂಪುಕಣಗಳು ಬಲಿಯದೆ, ರೋಗಿ ಬಿಳಿಚಿಕೊಂಡು, ಕೊನೆಗೆ ಸಾಯುತ್ತಿದ್ದ. ರಕ್ತ ತೆಗೆದ ನಾಯಿಗಳಿಗೆ ಈಲಿಯನ್ನು, ಎಂದರೆ ಯಕೃತ್ತನ್ನು, ತಿನ್ನಿಸಿದರೆ ರಕ್ತ ಬೇಗ ತುಂಬುವುದೆಂದು ವಿಪಲ್ ಎಂಬ ವಿಜ್ಞಾನಿ ಕಂಡಿದ್ದರು. ಆ ಸುಳಿವನ್ನು ಹಿಡಿದು ಮೈನಟ್, ತಮ್ಮ ಸಹೋದ್ಯೋಗಿ ಮರ್ಫಿಯೊಡನೆ, ರೋಗಿಗಳಿಗೆ ದಿನದಿನವೂ ಈಲಿ ಉಣ್ಣಿಸಿದರು. ೧೯೨೬ರಲ್ಲಿ ೪೫ ರೋಗಿಗಳು ಚೇತರಿಸಿಕೊಂಡ ವೃತ್ತಾಂತ ಪ್ರಕಟವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ನಾಯಿಗಳಿಗೆ ನೆರವಾದದ್ದು ಈಲಿಯಲ್ಲಿನ ಕಬ್ಬಿಣ. ರೋಗಿಗಳನ್ನು ಉಳಿಸಿದ್ದು ಅದರಲ್ಲೇ ಅಡಗಿದ್ದ ಬಿ-೧೨ ಜೀವಸತ್ತ್ವ. ಅದನ್ನು ಬೇರ್ಪಡಿಸಿದ್ದು ೧೯೪೮ರಲ್ಲಿ. ರೋಗದ ಬೇರು ಊಟದಲ್ಲಿರಲಿಲ್ಲ, ಜಠರದಲ್ಲಿತ್ತು: ಆ ಸತ್ತ್ವವನ್ನು ಹೀರಲು ಬೇಕಾದ ಸ್ರಾವವೇ ಅಲ್ಲಿ ಬತ್ತಿರುತ್ತಿತ್ತು. ಅಂತೆಯೇ ಅಷ್ಟೊಂದು ಈಲಿ ಬೇಕಾಯಿತು. ಕಾರಣ ತಿಳಿಯುವ ಮೊದಲೇ ಜೀವಗಳು ಉಳಿದವು.

ವಿಪಲ್, ಮೈನಟ್, ಮರ್ಫಿ ಮೂವರಿಗೂ ೧೯೩೪ರಲ್ಲಿ ನೊಬೆಲ್ ಪಾರಿತೋಷಕ ಬಂತು. ಮೈನಟ್ ೧೯೫೦ರವರೆಗೆ ಬದುಕಿದರು.

ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಸಕ್ಕರೆಗೆ ಒಂದು ಸಾಲು, ಕಣಗಳಿಗೆ ಇನ್ನೊಂದು. ಮೈನಟ್ ಅವರ ಕಥೆ ತಿಳಿದ ಮೇಲೆ ಆ ಎರಡು ಸಾಲುಗಳನ್ನು ಬೇರೆಬೇರೆಯಾಗಿ ಓದುವುದು ನನ್ನಿಂದಾಗಿಲ್ಲ.