ಕಂಡದ್ದನ್ನು ಕಂಡಂತೆ: ಹಿಮವಾಸದ ಒಂದು ದಿನಚರಿ



ಧ್ರುವಪ್ರದೇಶಗಳಲ್ಲಿ ದುಡಿದ ವಿಜ್ಞಾನಿಗಳೆಂದೊಡನೆ ಅಮುಂಡ್ಸೆನ್, ಸ್ಕಾಟ್, ಶ್ಯಾಕಲ್ಟನ್ ಮೊದಲಾದವರ ಕಾಲ ನಮ್ಮ ನೆನಪಿಗೆ ಬರುತ್ತದೆ. ಅವರಿಗಿಂತ ಮುನ್ನೂರು ವರ್ಷಗಳಷ್ಟು ಹಿಂದೆಯೇ ನಾವು ಈಗ ನೆಲೆಸಿರುವ ಈ ನಾಡಿನ ಹದಿನೇಳು ಮಂದಿ ಉತ್ತರಧ್ರುವ ಸಾಗರದ ಹಿಮದಲ್ಲಿ ಸಿಲುಕಿ, ಒಂದು ಇಡೀ ಚಳಿಗಾಲವನ್ನು ಅಲ್ಲಿಯೇ ಕಳೆಯಬೇಕಾಯಿತು. ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಇದನ್ನು ಒಂದು ಸಾಹಸದ ಕಥೆಯಾಗಿ ಕೇಳಿ ಬರುತ್ತಾರೆ. ಆ ಸಾಹಸದೊಳಗೆ ಅಡಗಿರುವ ವಿಜ್ಞಾನವನ್ನು, ಒಬ್ಬ ವೈದ್ಯನ ಕಣ್ಣಿನಿಂದ, ತಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ಹದಿನಾರನೆಯ ಶತಮಾನದ ಕೊನೆಯ ದಶಕವದು. ಪೂರ್ವದೇಶಗಳ ಸಾಂಬಾರ ಪದಾರ್ಥಗಳಿಗಾಗಿ ಯೂರೋಪು ಹಂಬಲಿಸುತ್ತಿದ್ದ ಕಾಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಕರೆದದ್ದೂ ಆ ಶತಮಾನದಲ್ಲಿಯೇ. ಆಫ್ರಿಕವನ್ನು ಸುತ್ತಿ ಬರುವ ದಕ್ಷಿಣದ ಜಲಮಾರ್ಗವು ಪೋರ್ಚುಗೀಸರ ಮತ್ತು ಸ್ಪೇನಿನವರ ವಶದಲ್ಲಿದ್ದಿತು. ಸ್ಪೇನಿನೊಡನೆ ಯುದ್ಧದಲ್ಲಿ ತೊಡಗಿದ್ದ ಡಚ್ಚರು ಉತ್ತರದ ಮೂಲಕ ಚೀನಾ ದೇಶಕ್ಕೆ ದಾರಿ ಹುಡುಕಲು ಮುಂದಾದರು. ಬೇಸಗೆಯಲ್ಲಿ ಧ್ರುವದ ಬಳಿ ಸೂರ್ಯನು ಹಗಲಿರುಳೂ ಬೆಳಗುವುದರಿಂದ ಅಲ್ಲಿಯ ಸಮುದ್ರವು ಹಿಮರಹಿತವಾಗಿರಬೇಕೆಂದು ಧರ್ಮೋಪದೇಶಕನೂ ಭೂಪಟಕಾರನೂ ಆಗಿದ್ದ ಪೆಟ್ರಸ್ ಪ್ಲಾನ್ಸಿಯಸ್ ತರ್ಕಿಸಿದ್ದನು. ತರ್ಕವೇನೋ ಸೊಗಸಾಗಿತ್ತು, ಆದರೆ ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

1594 ಮತ್ತು 1595ರ ಎರಡು ಯಾತ್ರೆಗಳು ವಿಫಲವಾದವು. ಆಗ ನಮ್ಮ ಇದೇ ದ ಹೇಗ್ ನಗರದ ಬಿನ್ನೆನ್‌ಹೋಫ್‌ನಲ್ಲಿ ಸೇರುತ್ತಿದ್ದ ಸ್ಟೇಟ್ಸ್ ಜನರಲ್ ಮಹಾಸಭೆಯು ಮೂರನೆಯ ಯಾತ್ರೆಗೆ ಹಣ ಕೊಡಲು ನಿರಾಕರಿಸಿತು. ಆದರೆ ದಾರಿಯನ್ನು ಕಂಡುಹಿಡಿದವರಿಗೆ 25,000 ಗಿಲ್ಡರುಗಳ ಬಹುಮಾನವನ್ನು ಘೋಷಿಸಿತು. ವೆಚ್ಚವನ್ನು ಆಮ್‌ಸ್ಟರ್‌ಡ್ಯಾಮ್ ನಗರದವರು ವಹಿಸಿಕೊಂಡು 1596ರ ಮೇ ತಿಂಗಳಿನಲ್ಲಿ ಎರಡು ಹಡಗುಗಳನ್ನು ಕಳುಹಿಸಿದರು. ಒಂದಕ್ಕೆ ಯಾಕೋಬ್ ವಾನ್ ಹೇಮ್ಸ್‌ಕರ್ಕ್ ನಾಯಕ, ವಿಲ್ಲೆಮ್ ಬಾರೆಂಟ್ಸ್ ಮಾರ್ಗದರ್ಶಿ. ಇನ್ನೊಂದಕ್ಕೆ ಯಾನ್ ಕಾರ್ನೆಲಿಸ್ ರೈಪ್ ಮುಖ್ಯಸ್ಥ. ಬಾರೆಂಟ್ಸ್‌ನ ಹಡಗಿನಲ್ಲಿ ಗೆರಿಟ್ ದ ವೇರ್ ಎಂಬೊಬ್ಬ ಅಧಿಕಾರಿಯಿದ್ದನು. ದಿನದಿನದ ಸಂಗತಿಗಳನ್ನು ಬರೆದಿಡುವುದನ್ನು ಆತನು ವ್ರತದಂತೆ ನಡೆಸಿಕೊಂಡು ಬಂದನು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ನಾಯಕನು ಆತನೇ.

ಜೂನ್ 17ರಂದು ಅವರಿಗೆ ಹಿಮಾಚ್ಛಾದಿತವಾದ ಚೂಪು ಬೆಟ್ಟಗಳ ನೆಲವೊಂದು ಗೋಚರಿಸಿತು. ಅದೇ ಸ್ಪಿಟ್ಸ್‌ಬರ್ಗೆನ್, ಎಂದರೆ ಚೂಪು ಬೆಟ್ಟಗಳ ನಾಡು. ಅಲ್ಲಿ ಹೆಬ್ಬಾತುಗಳು ಮೊಟ್ಟೆಗಳ ಮೇಲೆ ಕಾವು ಕುಳಿತಿದ್ದವು. ಇವು ಪ್ರತಿ ಚಳಿಗಾಲದಲ್ಲಿ ಹಾಲೆಂಡಿಗೆ ಗುಂಪು ಗುಂಪಾಗಿ ಬರುತ್ತಿದ್ದ ಹಕ್ಕಿಗಳೇ ಎಂದು ದ ವೇರ್ ಗುರುತಿಸಿದನು. ಇವುಗಳ ಗೂಡನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆದ್ದರಿಂದ ಸ್ಕಾಟ್ಲೆಂಡಿನ ಮರಗಳಲ್ಲಿ ಕಾಯಿಗಳಂತೆ ಬೆಳೆದು, ನೀರಿಗುದುರಿ ಹಕ್ಕಿಗಳಾಗುತ್ತವೆ ಎಂದು ವಿದ್ವಾಂಸರೇ ಬರೆದಿದ್ದರು. ದ ವೇರ್ ಮೊಟ್ಟೆಗಳನ್ನು ನೋಡಿದನು, ನೋಡಿದ್ದನ್ನು ಬರೆದನು. ಶತಮಾನಗಳ ಕಟ್ಟುಕಥೆಯೊಂದಕ್ಕೆ ಅಷ್ಟೇ ಸಾಕಾಯಿತು.

ಮುಂದೆ ದಾರಿಯ ಬಗೆಗೆ ಭಿನ್ನಾಭಿಪ್ರಾಯ ಬಂದು ಹಡಗುಗಳು ಬೇರ್ಪಟ್ಟವು. ಬಾರೆಂಟ್ಸ್‌ನ ಹಡಗು ನೊವಾಯ ಜೆಮ್ಲ್ಯ ದ್ವೀಪದ ಉತ್ತರದ ತುದಿಯನ್ನು ಬಳಸಿ, ಆಗಸ್ಟ್ 26ರಂದು ಹಿಮದ ಹಿಡಿತಕ್ಕೆ ಸಿಕ್ಕಿತು. ಮರವೇ ಬೆಳೆಯದ ಆ ದಡಕ್ಕೆ ಸಮುದ್ರವು ತಂದೆಸೆದಿದ್ದ ದಿಮ್ಮಿಗಳನ್ನೂ ಹಡಗಿನ ಹಲಗೆಗಳನ್ನೂ ಕೂಡಿಸಿ ಅವರು ಮನೆ ಕಟ್ಟಿಕೊಂಡರು. ಅದಕ್ಕೆ ‘ಹೆಟ್ ಬೆಹೌಡನ್ ಹಾಯ್ಸ್’, ಅಂದರೆ ಕಾಪಾಡಿದ ಮನೆ, ಎಂದು ಹೆಸರಾಯಿತು. ಮನೆ ಮುಗಿಯುವ ಮೊದಲೇ ಬಡಗಿಯು ತೀರಿಕೊಂಡನು. ಉಳಿದ ಹದಿನಾರು ಮಂದಿ ಒಳಗೆ ಸೇರಿಕೊಂಡರು. ನವೆಂಬರ್ ಮೊದಲ ವಾರದಲ್ಲಿ ಸೂರ್ಯನು ಮರೆಯಾದನು. ಗಡಿಯಾರವು ಚಳಿಗೆ ನಿಂತುಹೋದಾಗ ಹನ್ನೆರಡು ಗಂಟೆಗಳ ಮರಳುಗಡಿಯಾರವನ್ನು ತಪ್ಪದೆ ತಿರುವುತ್ತ ಕಾಲದ ಲೆಕ್ಕವನ್ನಿಟ್ಟರು.

ಈ ದಿನಚರಿಯಲ್ಲಿ ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ ಮೂರು ಪ್ರಸಂಗಗಳಿವೆ.

ಮೊದಲನೆಯದು ಡಿಸೆಂಬರ್ 7ರ ರಾತ್ರಿಯದು. ಚಳಿಯನ್ನು ತಾಳಲಾರದೆ ಹಡಗಿನಿಂದ ಕಲ್ಲಿದ್ದಲನ್ನು ತಂದು ಉರಿಸಿದರು. ಶಾಖವು ಹೊರಗೆ ಹೋಗದಿರಲೆಂದು ಹೊಗೆಗೂಡನ್ನೂ ಸಂದುಗಳನ್ನೂ ಮುಚ್ಚಿದರು. ಬಹುದಿನಗಳ ಮೇಲೆ ಬೆಚ್ಚಗೆ ಮಲಗಿದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ತಲೆ ಸುತ್ತತೊಡಗಿತು. ಮೊದಲೇ ಅಸ್ವಸ್ಥನಾಗಿದ್ದವನಿಗೆ ಅದು ಎಲ್ಲರಿಗಿಂತ ಮುಂಚೆ ತಿಳಿಯಿತು. ಎದ್ದು ಬಾಗಿಲನ್ನು ತೆರೆದವನು ಹಿಮದ ಮೇಲೆ ಮೂರ್ಛೆಹೋದನು. ದ ವೇರ್ ಮುಖಕ್ಕೆ ವಿನಿಗರ್ ಎರಚಿ ಆತನನ್ನು ಎಚ್ಚರಗೊಳಿಸಿದನು. ಬಾಗಿಲಿನಿಂದ ನುಗ್ಗಿದ ಆ ಕೊರೆಯುವ ಗಾಳಿಯೇ ಎಲ್ಲರ ಪ್ರಾಣವನ್ನು ಉಳಿಸಿತು. ಇದು ಕಾರ್ಬನ್ ಮಾನಾಕ್ಸೈಡ್ ವಿಷಪ್ರಭಾವದ ಸ್ಪಷ್ಟ ಚಿತ್ರ. ಈ ಅನಿಲವು ರಕ್ತದ ಆಮ್ಲಜನಕವನ್ನು ಹೇಗೆ ಹೊರದೂಡುತ್ತದೆ ಎಂಬುದನ್ನು ಕ್ಲೋಡ್ ಬರ್ನಾರ್ ವಿವರಿಸಿದ್ದು 1857ರಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಅಗ್ಗಿಷ್ಟಿಕೆಯಿಟ್ಟು ಮಲಗುವುದು ಅಪಾಯಕರವೆನ್ನುವುದಕ್ಕೂ ಈ ದೇಶದ ಹಳೆಯ ಮನೆಗಳ ಗೀಸರುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆನ್ನುವುದಕ್ಕೂ ಕಾರಣ ಇದೇ.

ಎರಡನೆಯದು 1597ರ ಮೇ ತಿಂಗಳ ಕೊನೆಯದು. ಕೊಂದ ಹಿಮಕರಡಿಯ ಪಿತ್ತಜನಕಾಂಗವನ್ನು ಬೇಯಿಸಿ ತಿಂದರು. ರುಚಿಯಾಗಿಯೇ ಇತ್ತು. ಆದರೆ ಎಲ್ಲರೂ ಕಾಯಿಲೆ ಬಿದ್ದರು. ಮೂವರಂತೂ ಬದುಕುವುದೇ ಸಂದೇಹವೆನಿಸಿತು. ಗುಣಮುಖರಾಗುವಾಗ ಅವರ ಮೈಯ ಚರ್ಮವು ಅಡಿಯಿಂದ ಮುಡಿಯವರೆಗೆ ಸುಲಿದುಹೋಯಿತು. ಇದರ ಕಾರಣವು ಖಚಿತವಾದದ್ದು 1943ರಲ್ಲಿ. ಹಿಮಕರಡಿಯ ಪಿತ್ತಜನಕಾಂಗದ ಒಂದೊಂದು ಗ್ರಾಮಿನಲ್ಲಿಯೂ ‘ಎ’ ಜೀವಸತ್ತ್ವದ ಹತ್ತು ಸಾವಿರಕ್ಕೂ ಹೆಚ್ಚು ಅಂತರರಾಷ್ಟ್ರೀಯ ಘಟಕಗಳು ಇವೆಯೆಂದು ರೋಡಾಲ್ ಮತ್ತು ಮೂರ್ ಎಂಬ ಸಂಶೋಧಕರು ತೋರಿಸಿದರು. ಮನುಷ್ಯನಿಗೆ ದಿನವೊಂದಕ್ಕೆ ಬೇಕಾದದ್ದು ಸುಮಾರು ಮೂರು ಸಾವಿರ ಘಟಕಗಳು ಮಾತ್ರ. ಜೀವಸತ್ತ್ವವೆಂಬ ಕಲ್ಪನೆಯೇ ಇಲ್ಲದಿದ್ದ ಕಾಲದಲ್ಲಿ, ರೋಗಲಕ್ಷಣವನ್ನು ಇದ್ದಂತೆ ಬರೆದಿಟ್ಟದ್ದರಿಂದ ಇಂದಿನ ವೈದ್ಯನು ಓದಿದೊಡನೆ ರೋಗನಿರ್ಣಯ ಮಾಡಬಲ್ಲನು.

ಮೂರನೆಯದು ಸ್ಕರ್ವಿ ರೋಗ. ವಸಡು ಬಾತು, ಹಲ್ಲು ಸಡಿಲವಾಗಿ, ಕೈಕಾಲುಗಳ ಶಕ್ತಿಯನ್ನು ಉಡುಗಿಸುವ ಈ ವ್ಯಾಧಿ ಹಲವರನ್ನು ಕಾಡಿತು. ಬಲೆಯೊಡ್ಡಿ ಹಿಡಿದ ಹಿಮನರಿಗಳ ಹಸಿಮಾಂಸವು ಸ್ವಲ್ಪಮಟ್ಟಿಗೆ ರಕ್ಷಣೆಯೊದಗಿಸಿರಬೇಕು. ಹಿಂದಿರುಗುವ ದಾರಿಯಲ್ಲಿ, ಜುಲೈ ಅಂತ್ಯದಲ್ಲಿ, ದಡದ ಮೇಲೆ ಚಮಚದಾಕಾರದ ಎಲೆಗಳ ಒಂದು ಸೊಪ್ಪು ಕಂಡಿತು. ಅದನ್ನು ಹಿಡಿಹಿಡಿಯಾಗಿ ತಿಂದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಒಣ ಬಿಸ್ಕತ್ತನ್ನು ಅಗಿಯಲಾರದೆ ಇದ್ದವರೂ ಅಗಿಯತೊಡಗಿದರು. ನಮ್ಮ ಅಜ್ಜಿಯರು ನೆಲ್ಲಿಕಾಯಿಗೆ ಕೊಟ್ಟ ಗೌರವವನ್ನು ಅವರು ಆ ಸೊಪ್ಪಿಗೆ ಕೊಟ್ಟರು. ‘ಸಿ’ ಜೀವಸತ್ತ್ವವನ್ನು ಗುರುತಿಸಲು ವಿಜ್ಞಾನವು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಆದರೆ ದ ವೇರ್‌ನ ಪ್ರಾಮಾಣಿಕತೆಗೆ ಅತ್ಯಂತ ಕಠಿಣವಾದ ಪರೀಕ್ಷೆ ಬಂದದ್ದು ರೋಗದಿಂದಲ್ಲ, ಸೂರ್ಯನಿಂದ. 1597ರ ಜನವರಿ 24ರಂದು ಆತನೂ ಹೇಮ್ಸ್‌ಕರ್ಕ್‌ನೂ ಮತ್ತೊಬ್ಬನೂ ಸಮುದ್ರತೀರಕ್ಕೆ ಹೋದಾಗ ದಕ್ಷಿಣದ ದಿಗಂತದಲ್ಲಿ ಸೂರ್ಯನ ಅಂಚು ಕಾಣಿಸಿತು. ಓಡಿಬಂದು ಬಾರೆಂಟ್ಸ್‌ನಿಗೆ ತಿಳಿಸಿದರೆ ಆತನು ಒಪ್ಪಲಿಲ್ಲ. ಗಣಿತದ ಪ್ರಕಾರ ಆ ಅಕ್ಷಾಂಶದಲ್ಲಿ ಸೂರ್ಯನು ಮೂಡಲು ಇನ್ನೂ ಎರಡು ವಾರ ಕಳೆಯಬೇಕಾಗಿತ್ತು. ಅಂದು ಸೂರ್ಯನಿದ್ದದ್ದು ದಿಗಂತಕ್ಕಿಂತ ಸುಮಾರು 5 ಡಿಗ್ರಿ ಕೆಳಗೆ. ಎರಡು ದಿನ ಮಂಜು ಮುಸುಕಿತ್ತು. ಜನವರಿ 27ರಂದು ಸೂರ್ಯನು ಪೂರ್ಣ ವೃತ್ತಾಕಾರವಾಗಿಯೇ ಕಾಣಿಸಿಕೊಂಡನು.

ಬಾರೆಂಟ್ಸ್ ಆ ಯಾತ್ರೆಯ ಅತ್ಯಂತ ತಿಳಿವಳಿಕೆಯುಳ್ಳ ವ್ಯಕ್ತಿ. ಗುರುಸಮಾನನಾದವನು ಅಸಾಧ್ಯವೆಂದಾಗ ಶಿಷ್ಯನು ಸುಮ್ಮನಾಗುವುದು ಲೋಕರೂಢಿ. ದ ವೇರ್ ತಾನು ಕಂಡದ್ದನ್ನೂ ಬರೆದನು, ಬಾರೆಂಟ್ಸ್‌ನ ಆಕ್ಷೇಪಣೆಯನ್ನೂ ಬರೆದನು. ಇರುಳಿನಲ್ಲಿ ದಿನಗಳ ಎಣಿಕೆ ತಪ್ಪಿರಬಹುದೆಂಬ ಅನುಮಾನಕ್ಕೂ ಆತನ ಬಳಿ ಉತ್ತರವಿತ್ತು. ವೆನಿಸ್ಸಿನಲ್ಲಿ ಅಚ್ಚಾದ ಪಂಚಾಂಗವೊಂದರಲ್ಲಿ ಗುರುಗ್ರಹ ಮತ್ತು ಚಂದ್ರರ ಯುತಿಯ ದಿನವನ್ನೂ ವೇಳೆಯನ್ನೂ ಕೊಟ್ಟಿದ್ದರು. ಆ ಯುತಿಯನ್ನು ಅವರು ಆಕಾಶದಲ್ಲಿ ನೋಡಿ ತಮ್ಮ ತಾರೀಖು ಸರಿಯೆಂದು ದೃಢಪಡಿಸಿಕೊಂಡರು. ಪಂಚಾಂಗ ನೋಡುವ ಸಂಪ್ರದಾಯದಲ್ಲಿ ಬೆಳೆದ ನಮಗೆ ಈ ಜಾಣ್ಮೆ ಸುಲಭವಾಗಿ ಅರ್ಥವಾಗುತ್ತದೆ.

ಗ್ರಂಥವು 1598ರಲ್ಲಿ ಪ್ರಕಟವಾದ ಮೇಲೆಯೂ ಸಂದೇಹಿಸುವವರಿದ್ದರು. ಕೆಪ್ಲರ್ 1604ರಲ್ಲಿ ತನ್ನ ದೃಗ್ವಿಜ್ಞಾನದ ಕೃತಿಯಲ್ಲಿ ಈ ಘಟನೆಯನ್ನು ಚರ್ಚಿಸಿದನು. 1915ರಲ್ಲಿ ಅಂಟಾರ್ಕ್ಟಿಕದ ಹಿಮದಲ್ಲಿ ಸಿಲುಕಿದ್ದ ಶ್ಯಾಕಲ್ಟನ್‌ನ ತಂಡದವರೂ ಅಸ್ತಮಿಸಿದ್ದ ಸೂರ್ಯನು ಮತ್ತೆ ತೋರಿದುದನ್ನು ಕಂಡರು. ಬಳ್ಳಾರಿ, ರಾಯಚೂರುಗಳ ಬೇಸಗೆಯ ದಾರಿಯಲ್ಲಿ ನಾವೆಲ್ಲ ನೋಡಿರುವ ಬಿಸಿಲ್ಗುದುರೆಯ ತಮ್ಮನಿದು. ಅಲ್ಲಿ ನೆಲದ ಬಳಿ ಬಿಸಿಗಾಳಿ, ಮೇಲೆ ತಂಪುಗಾಳಿ. ಇಲ್ಲಿ ಹಿಮದ ಬಳಿ ಅತಿಶೀತಲ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ. ಈ ಪದರಗಳ ನಡುವೆ ಸಿಕ್ಕ ಸೂರ್ಯಕಿರಣವು ಕಾಲುವೆಯ ನೀರಿನಂತೆ ಭೂಮಿಯ ಬಾಗನ್ನು ಅನುಸರಿಸಿ ನೂರಾರು ಕಿಲೋಮೀಟರು ಹರಿದು ಬರುತ್ತದೆ. ಗ್ರೋನಿಂಗೆನ್ನಿನ ಭೌತವಿಜ್ಞಾನಿ ಸೀಬ್ರೆನ್ ವಾನ್ ಡರ್ ವೆರ್ಫ್ ಮತ್ತು ಸಂಗಡಿಗರು 2003ರಲ್ಲಿ ಗಣಕಯಂತ್ರದಿಂದ ಲೆಕ್ಕ ಹಾಕಿ, ದ ವೇರ್‌ನ ವರ್ಣನೆಯು ಸತ್ಯವೆಂದು ನಿರೂಪಿಸಿದರು. ಸತ್ಯವು ದೃಢಪಡಲು ನಾನೂರಾರು ವರ್ಷಗಳು ಬೇಕಾದವು. ವಿದ್ಯಮಾನಕ್ಕೆ ಇಂದು ‘ನೊವಾಯ ಜೆಮ್ಲ್ಯ ಪರಿಣಾಮ’ವೆಂದೇ ಹೆಸರು.

ಬಾರೆಂಟ್ಸ್ ಇದನ್ನು ನೋಡಲಿಲ್ಲ. ಜೂನ್ ಮಧ್ಯದಲ್ಲಿ ಎರಡು ತೆರೆದ ದೋಣಿಗಳಲ್ಲಿ ಹೊರಟ ಆರು ದಿನಗಳಲ್ಲಿಯೇ, 1597ರ ಜೂನ್ 20ರಂದು, ದ ವೇರ್ ಬರೆದಿದ್ದ ನಕ್ಷೆಯನ್ನು ನೋಡಿ ಸ್ವಲ್ಪ ಹೊತ್ತಿನಲ್ಲಿ ಆತನು ಪ್ರಾಣ ಬಿಟ್ಟನು. ಹದಿನೇಳು ಮಂದಿಯಲ್ಲಿ ಹನ್ನೆರಡು ಮಂದಿ ನವೆಂಬರ್ 1ರಂದು ಆಮ್‌ಸ್ಟರ್‌ಡ್ಯಾಮ್ ತಲುಪಿದರು. ವಿಧಿಯ ವಿಡಂಬನೆಯೆಂದರೆ, ಅದೇ ವರ್ಷದ ಆಗಸ್ಟಿನಲ್ಲಿ ಹೌಟ್‌ಮನ್ನನ ಹಡಗುಗಳು ದಕ್ಷಿಣದ ಮಾರ್ಗವಾಗಿಯೇ ಜಾವಾದಿಂದ ಹಿಂದಿರುಗಿದ್ದವು. ಉತ್ತರದ ದಾರಿ ಯಾರಿಗೂ ಬೇಡವಾಯಿತು. ವ್ಯಾಪಾರದ ಲೆಕ್ಕದಲ್ಲಿ ಈ ಯಾತ್ರೆ ಪೂರ್ಣ ನಷ್ಟ. ಉಳಿದದ್ದು ಒಂದು ಪುಸ್ತಕ.

1871ರಲ್ಲಿ ನಾರ್ವೆಯ ನಾವಿಕ ಎಲ್ಲಿಂಗ್ ಕಾರ್ಲ್‌ಸೆನ್ ಆ ಮನೆಯನ್ನು ಕಂಡುಹಿಡಿದನು. ಗಡಿಯಾರ, ದೀಪದ ಕಂಬ, ಪಾದರಕ್ಷೆ, ಕೊಳಲು ಮೊದಲಾದವು ದ ವೇರ್ ಹೇಳಿದ್ದಕ್ಕೆ ಸಾಕ್ಷಿಯಾಗಿ ಅಲ್ಲಿ ಬಿದ್ದಿದ್ದವು. ಡಚ್ ಸರ್ಕಾರವು ಕೊಂಡುಕೊಂಡ ಆ ವಸ್ತುಗಳನ್ನು ಮೊದಲು ದ ಹೇಗ್‌ನ ನೌಕಾ ಇಲಾಖೆಯಲ್ಲಿ ಇರಿಸಲಾಗಿತ್ತು. ಇಂದು ಅವು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿವೆ. ಮಕ್ಕಳೊಡನೆ ಅಲ್ಲಿಗೆ ಹೋದಾಗ ರೆಂಬ್ರಾಂಟನ ಚಿತ್ರಗಳ ಜೊತೆಗೆ ಇವನ್ನೂ ತಪ್ಪದೆ ನೋಡಬೇಕೆಂದು ನನ್ನ ವಿನಂತಿ.

ಈ ಬರೆದಿಡುವ ವ್ರತವು ಮುಂದೆ ಒಂದು ಪರಂಪರೆಯಾಯಿತು. 1882-83ರ ಮೊದಲ ಅಂತರರಾಷ್ಟ್ರೀಯ ಧ್ರುವವರ್ಷದಲ್ಲಿ ಹಲವು ದೇಶಗಳು ಏಕಕಾಲದಲ್ಲಿ ಹವಾಮಾನವನ್ನೂ ಭೂಕಾಂತತೆಯನ್ನೂ ಅಳೆಯಲು ಒಪ್ಪಿದವು. ಡಚ್ ತಂಡದ ನಾಯಕನು ಹವಾಮಾನ ವಿಜ್ಞಾನಿ ಮಾರಿಟ್ಸ್ ಸ್ನೆಲ್ಲೆನ್. ಸೈಬೀರಿಯದ ದಡವನ್ನು ಸೇರುವ ಮೊದಲೇ ಅವರ ‘ವರ್ನ’ ಹಡಗು ಕಾರಾ ಸಮುದ್ರದ ಹಿಮದಲ್ಲಿ ಸಿಲುಕಿತು. ಚಳಿಗಾಲದಲ್ಲಿ ಹಿಮದೊತ್ತಡಕ್ಕೆ ಜಖಂಗೊಂಡು, 1883ರ ಜುಲೈಯಲ್ಲಿ ಮುಳುಗಿತು. ಸಮೀಪದಲ್ಲಿಯೇ ಸಿಲುಕಿದ್ದ ಡೆನ್ಮಾರ್ಕಿನ ‘ಡಿಂಫ್ನ’ ಹಡಗು ಅವರಿಗೆ ಆಶ್ರಯವಿತ್ತಿತು. ಇಂಥ ಸ್ಥಿತಿಯಲ್ಲಿಯೂ ಅವರು ಅಳತೆಗಳನ್ನು ನಿಲ್ಲಿಸಲಿಲ್ಲ. ಆ ಧ್ರುವವರ್ಷದಲ್ಲಿ ಬರೆದಿಟ್ಟ ಅಂಕಿಅಂಶಗಳನ್ನು, ಹಿಮ ಕರಗುತ್ತಿರುವ ನಮ್ಮ ಕಾಲದಲ್ಲಿ, ಹವಾಮಾನ ವಿಜ್ಞಾನಿಗಳು ಮತ್ತೆ ತೆಗೆದು ಪರಿಶೀಲಿಸಿದ್ದಾರೆ.

ಈ ಪರಂಪರೆಯಲ್ಲಿ ಭಾರತವೂ ಪಾಲುದಾರ. ಡಾ. ಎಸ್. ಜೆಡ್. ಕಾಸಿಮ್ ಅವರ ನಾಯಕತ್ವದಲ್ಲಿ ಗೋವಾದಿಂದ ಹೊರಟ 21 ಮಂದಿಯ ತಂಡವು 1982ರ ಜನವರಿ 9ರಂದು ಅಂಟಾರ್ಕ್ಟಿಕದಲ್ಲಿ ಕಾಲಿರಿಸಿತು. ನಮ್ಮ ಕಾರವಾರದ ನೆರೆಯ ಗೋವಾದಲ್ಲಿಯೇ ಇಂದು ದೇಶದ ಧ್ರುವ ಸಂಶೋಧನಾ ಕೇಂದ್ರವಿದೆ. 2008ರ ಜುಲೈ 1ರಂದು ಭಾರತವು ‘ಹಿಮಾದ್ರಿ’ ಎಂಬ ಉತ್ತರಧ್ರುವ ವಲಯದ ಕೇಂದ್ರವನ್ನು ತೆರೆಯಿತು. ಅದು ಇರುವುದು ಸ್ಪಿಟ್ಸ್‌ಬರ್ಗೆನ್ನಿನ ನ್ಯೂ ಓಲೆಸುಂಡ್‌ನಲ್ಲಿ. ಬಾರೆಂಟ್ಸ್‌ನ ಸಂಗಡಿಗರು ಚೂಪು ಬೆಟ್ಟಗಳನ್ನು ಕಂಡ ಅದೇ ದ್ವೀಪದಲ್ಲಿ. ಗ್ರೋನಿಂಗೆನ್ ವಿಶ್ವವಿದ್ಯಾಲಯದ ಡಚ್ ಕೇಂದ್ರವೂ ಅದೇ ಊರಿನಲ್ಲಿದೆ. ಅಲ್ಲಿಯ ಡಚ್ ಸಂಶೋಧಕರು ಅಧ್ಯಯನ ಮಾಡುವ ಜೀವಿಗಳಲ್ಲಿ ಹೆಬ್ಬಾತುಗಳೂ ಸೇರಿವೆ. ನಮ್ಮ ಹುಟ್ಟಿದ ನಾಡೂ ನೆಲೆಸಿದ ನಾಡೂ ಹಿಮದ ನಡುವೆ ನೆರೆಹೊರೆಯಾಗಿವೆ.

ಡಚ್ ಕವಿ ಟೊಲ್ಲೆನ್ಸ್ 1819ರಲ್ಲಿ ಈ ಹಿಮವಾಸವನ್ನು ಕಾವ್ಯವಾಗಿಸಿದನು. ಈ ನಾಡಿನವರು ಆ ಹನ್ನೆರಡು ಮಂದಿಯನ್ನು ವೀರರೆಂದು ಕೊಂಡಾಡಿದರು. ಆ ವೀರತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಳಿಯನ್ನು ತಾಳಿದವರು ಲೋಕದಲ್ಲಿ ಅನೇಕರಿದ್ದಾರೆ. ಮರಗಟ್ಟಿದ ಬೆರಳುಗಳಿಂದ, ಗುರುವೇ ನಂಬದ ಸಂಗತಿಯನ್ನು, ಒಂದು ಅಕ್ಷರವನ್ನೂ ಹೆಚ್ಚಿಸದೆ ಕುಂದಿಸದೆ ಬರೆದವರು ವಿರಳ. ರೋಗಿಯು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕೆಂಬುದು ವೈದ್ಯವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ. ನಮ್ಮ ಪಠ್ಯಪುಸ್ತಕಕ್ಕೆ ಹೊಂದದ ಲಕ್ಷಣವನ್ನು ಇಂದು ಬಿಟ್ಟುಬಿಟ್ಟರೆ, ನಾಳೆ ಅದನ್ನು ಅರ್ಥಮಾಡಿಕೊಳ್ಳಬಲ್ಲವನಿಗೆ ನಾವು ಮೋಸ ಮಾಡಿದಂತಾಗುತ್ತದೆ.

ನಮ್ಮ ಮಕ್ಕಳಲ್ಲಿ ಕೆಲವರಾದರೂ ವಿಜ್ಞಾನದ ದಾರಿ ಹಿಡಿಯುವರು. ಹಿಮದ ನಾಡಿಗೆ ಹೋಗುವವರು ಒಬ್ಬಿಬ್ಬರು ಇರಬಹುದು, ಇಲ್ಲದಿರಬಹುದು. ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವು ಮಾತ್ರ ಎಲ್ಲರಿಗೂ ಬೇಕಾದದ್ದು.